ಹೆಚ್ಚುವರಿ ಹಾಳೆ

ಹಾಸನದ ಮೌಲ್ಯಮಾಪನ ಕೇಂದ್ರ, ಎರಡನೇ ಮಹಡಿ.
ಕಿರ್‌ಗುಟ್ಟುವ ಫ್ಯಾನಿಗೆ ಹಾರದಿರಲೆಂದು
ಕಟ್ಟಿನ ಮೇಲೆ ನನ್ನ ಊಟದ ಡಬ್ಬಿ.
ದಿನಕ್ಕೆ ನಲವತ್ತು ಪತ್ರಿಕೆ. ಇದು ಮೂವತ್ತೊಂದನೆಯದು.

ಪ್ರಶ್ನೆ ಏಳು: ಗ್ರೀಕರ ಪುರಾತನ ಮಹಾಕಾವ್ಯದಲ್ಲಿ
ಕೋಪದ ಕಾರಣ ವಿವರಿಸಿ. ಐದು ಅಂಕ.
ಮಾದರಿ ಉತ್ತರ ಎದುರಿಗೇ ಇದೆ:
ವೀರನ ಪಾಲಿಗೆ ಬಂದ ಬಹುಮಾನವನ್ನು
ದೊರೆ ಕಿತ್ತುಕೊಂಡ; ವೀರ ಮುನಿದು ಕೂತ.
ಮೂವತ್ತು ಮಕ್ಕಳೂ ಅದನ್ನೇ ಬರೆದಿದ್ದಾರೆ,
ಒಂದೇ ಗೈಡು, ಒಂದೇ ಕಾಗುಣಿತದ ತಪ್ಪು.

ಇವಳು
(ಅಕ್ಷರ ನೋಡಿ ಇವಳು ಅಂದುಕೊಂಡೆ,
ಹೆಸರಿಲ್ಲ, ನಂಬರು ಮಾತ್ರ)
ಹೀಗೆ ಶುರುಮಾಡಿದ್ದಾಳೆ:
"ಬಹುಮಾನ ಅಂದರೆ ಒಬ್ಬಳು ಹುಡುಗಿ.
ಅವಳ ಗಂಡನನ್ನು ಕೊಂದವನೇ
ಅವಳನ್ನು ಗುಡಾರಕ್ಕೆ ತಂದ.
ಸ್ವಂತ ಹೆಸರಿಲ್ಲ, ಇಂಥವನ ಮಗಳು, ಅಷ್ಟೇ.
ಪ್ರಶ್ನೆಯಲ್ಲಿ ಯಾರ ಕೋಪ ಅಂತ ಹೇಳಿಲ್ಲ.
ಆದ್ದರಿಂದ ನಾನು ಅವಳದನ್ನು ಬರೆಯುತ್ತೇನೆ."

ಆಮೇಲೆ ಒಂದಿಂಚು ಜಾಗ ಖಾಲಿ ಬಿಟ್ಟಿದ್ದಾಳೆ.

"ಮೇಡಂ ಅಥವಾ ಸರ್, ನಮ್ಮಪ್ಪ ದನದ ದಲ್ಲಾಳಿ.
ಸಂತೇಲಿ ಟವೆಲಿನಡಿ ಬೆರಳು ಹಿಡಿದು ರೇಟು ಹೇಳ್ತಾರೆ,
ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ.
ಆ ಕಾವ್ಯದಲ್ಲಿ ಒಂದು ಕುಸ್ತಿ ಬರುತ್ತೆ.
ಗೆದ್ದವನಿಗೆ ಮೂರು ಕಾಲಿನ ಹಂಡೆ, ಬೆಲೆ ಹನ್ನೆರಡೆತ್ತು.
ಸೋತವನಿಗೆ ಕಸುಬು ಬಲ್ಲ ಒಬ್ಬ ಹೆಂಗಸು, ನಾಲ್ಕೆತ್ತು."
ಮಾರ್ಜಿನ್ನಿನಲ್ಲಿ ಲೆಕ್ಕ ಹಾಕಿದ್ದಾಳೆ,
ಹಳ್ಳಿಕಾರ್ ಜೋಡಿಗೆ ಲಕ್ಷದ ಹತ್ತು ಸಾವಿರದಂತೆ.
ಗುಣಾಕಾರ ಸರಿ. ಮೊತ್ತದಡಿ ಎರಡು ಗೆರೆ ಎಳೆದು
"ಹಂಡೆ ಇದರ ಮೂರರಷ್ಟು."

ಹೆಚ್ಚುವರಿ ಹಾಳೆ ಕೇಳಿ, ದಾರ ಕಟ್ಟಿ, ಮುಂದುವರಿಸಿದ್ದಾಳೆ:
"ನಮ್ಮೂರು ಜಾವಗಲ್ಲಿನಾಚೆ. ಕೆರೆ ಕೋಡೀಲಿ ಒಂದು ವೀರಗಲ್ಲಿದೆ,
ಅದರ ಪಕ್ಕದಲ್ಲೇ ನಾವು ಬಟ್ಟೆ ಒಗೆಯೋದು.
ಶಾಸನ ಓದೋರು ಒಬ್ಬರು ಬಂದಿದ್ದಾಗ ಹೇಳಿದರು,
ಪೆಣ್ಬುಯ್ಯಲೊಳ್ ಕಾದಿ ಸತ್ತವನ ಕಲ್ಲಂತೆ.
ಹೆಣ್ಣು ಹೊತ್ತೊಯ್ಯುವಾಗ ಎದ್ದ ಹುಯ್ಯಲು ಅಂತ ಅರ್ಥವಂತೆ.
ಸತ್ತವನ ಹೆಸರಿದೆ, ಅವನಪ್ಪನ ಹೆಸರಿದೆ,
ಕಲ್ಲು ನಿಲ್ಲಿಸಿದ ತಮ್ಮನ ಹೆಸರಿದೆ.
ಹುಯಿಲಿಟ್ಟವಳು ವಾಪಸು ಬಂದಳಾ ಅಂತ ಕೇಳಿದೆ.
ಅವರು ಕನ್ನಡಕ ಒರೆಸಿಕೊಂಡು
ಕಲ್ಲು ಇಷ್ಟೇ ಹೇಳೋದು ಕಣಮ್ಮ, ಅಂದರು.
ನಡುವಿನ ಅಂಕಣದಲ್ಲಿ ಸತ್ತವನ ಎರಡು ತೋಳಿಗೂ
ಒಬ್ಬೊಬ್ಬಳು ದೇವಲೋಕದವಳು. ಅದೂ ಬಹುಮಾನವೇ.
ಅವರನ್ನೂ ಯಾರೂ ಕೇಳಿರಲಿಕ್ಕಿಲ್ಲ."

ಚಹಾ ಬಂತು. ಆರಿತು.

"ಕೊನೆಯದಾಗಿ, ವೀರನ ಗೆಳೆಯ ಸತ್ತಾಗ
ಸೆರೆಯ ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳುತ್ತಾರೆ.
ಗೈಡಿನಲ್ಲಿ ಇದು ಅವರ ಸ್ವಾಮಿನಿಷ್ಠೆ ಅಂತಿದೆ.
ನಮ್ಮ ಕಡೆ ಸಾವಿನ ಮನೇಲಿ ಹಾಡಿ ಹಾಡಿ ಅಳ್ತಾರೆ.
ನಮ್ಮ ಚಿಕ್ಕತ್ತೆ ದ್ಯಾವಾಜಮ್ಮ ಯಾರ ಹೆಣದ ಮುಂದೆ ಕೂತರೂ
ಎರಡನೇ ಸಾಲಿಗೇ ತನ್ನ ಮಗೂನ ಹೆಸರು ಬರುತ್ತೆ.
ಯಾರೂ ಬೇಡ ಅನ್ನಲ್ಲ.
ಅಳೋಕೆ ಒಂದು ಹೆಣ ಬೇಕು, ಅಷ್ಟೇ."

ಐದಕ್ಕೆ ಐದು ಹಾಕಿದೆ.
ಮುಖ್ಯ ಮೌಲ್ಯಮಾಪಕರು, ತೇಜಪ್ಪನವರು,
ಹಸಿರು ಪೆನ್ನಿನಲ್ಲಿ ಎರಡೂವರೆ ಮಾಡಿದರು.
ವಿಷಯಾಂತರ, ಅಂದರು. ಕೆಟ್ಟವರೇನಲ್ಲ,
ನಿವೃತ್ತಿಗೆ ನಾಲ್ಕು ತಿಂಗಳಿದೆ.
ನಾನೇನು ವಾದಿಸಿದೆನೇ? ಸಹಿ ಹಾಕಿದೆ.
ಕಟ್ಟಿಗೆ ಹುರಿ ಬಿಗಿದು, ಅರಗಿನ ಮುದ್ರೆ ಒತ್ತಿ, ಎತ್ತಿಕೊಂಡು ಹೋದರು.

ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಗಾಡಿಗೆ ಕಾಯುತ್ತ ನೋಡಿಕೊಂಡೆ,
ಹೆಬ್ಬೆರಳಿಗೆ ಕೆಂಪು ಶಾಯಿ.
ಮೂವತ್ತೆರಡನೆಯದನ್ನು ಹೇಗೆ ತಿದ್ದಿದೆನೋ ನೆನಪಿಲ್ಲ.
ನಂಬರು ಮಾತ್ರ ನಾಲಿಗೆಯ ಮೇಲಿತ್ತು, ಕೊನೆಯ ನಾಲ್ಕಂಕಿ.
ಅದನ್ನೇ ಹೆಸರಿನ ಹಾಗೆ, ಮೆಲ್ಲಗೆ, ಕರೆದು ನೋಡಿದೆ.
ಬಸ್ಸಿಗೆ ನಿಂತಿದ್ದ ಹುಡುಗಿಯರಲ್ಲಿ
ಒಬ್ಬಳೂ ತಿರುಗಲಿಲ್ಲ.